ಟೆನ್ಷನ್ನೂ ಬಿಪಿಯೂ: ಮನಸ್ಸಿನಿಂದ ರಕ್ತನಾಳಕ್ಕೆ ಹೋಗುವ ಬಳಸುದಾರಿಗಳು

ಬೆಂಗಳೂರಿನ ಯಾವುದೇ ಬಡಾವಣೆಯ ಮೆಡಿಕಲ್ ಶಾಪಿನ ಮುಂದೆ ಸಂಜೆ ಹೊತ್ತು ಸ್ವಲ್ಪ ನಿಂತರೆ ಒಂದು ಮಾತು ಕಿವಿಗೆ ಬೀಳುವುದುಂಟು: "ಈಗ ಮನೇಲಿ ಟೆನ್ಷನ್ ಕಮ್ಮಿಯಾಗಿದೆ, ಬಿಪಿ ಮಾತ್ರೆ ಬೇಡ, ಬೇಕಾದಾಗ ತಗೊಳ್ತೀನಿ." ಹೀಗೆ ಹೇಳುವವರು ಅವಿದ್ಯಾವಂತರೇ ಆಗಿರಬೇಕೆಂದಿಲ್ಲ. ತಲೆಬಿಸಿ ಇದ್ದಾಗ ರಕ್ತದೊತ್ತಡ ಏರುತ್ತದೆ, ತಲೆಬಿಸಿ ಇಳಿದರೆ ಅದೂ ಇಳಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳವಾಗಿದೆಯೆಂದರೆ, ಸಿಟ್ಟು ಬರಿಸುವವರಿಗೆ "ನನ್ನ ಬಿಪಿ ಏರಿಸಬೇಡ" ಎನ್ನುವುದು ಮನೆಮಾತಾಗಿಬಿಟ್ಟಿದೆ. ಈ ನಂಬಿಕೆಗೆ ಭಾಷೆಯ ಬೆಂಬಲವೂ ಇದೆ. ಕನ್ನಡದಲ್ಲಿ ಮನಸ್ಸಿನ ಮೇಲೆ ಬೀಳುವುದೂ ಒತ್ತಡವೇ, ರಕ್ತವು ನಾಳದ ಗೋಡೆಯ ಮೇಲೆ ಹಾಕುವುದೂ ಒತ್ತಡವೇ. ಇಂಗ್ಲಿಷಿನ ಹೈಪರ್‌ಟೆನ್ಷನ್ ಎಂಬ ಪದದೊಳಗೂ ಟೆನ್ಷನ್ ಅಡಗಿ ಕುಳಿತಿದೆ, ಆದರೆ ಅಲ್ಲಿ ಅದರ ಅರ್ಥ ನಾಳದ ಬಿಗಿತವೇ ಹೊರತು ಮನಸ್ಸಿನ ಕಳವಳವಲ್ಲ. ಅಮೆರಿಕದ ಸಿಯಾಟಲ್ ನಗರದಲ್ಲಿ ರೋಗಿಗಳನ್ನು ಮಾತನಾಡಿಸಿದ ಡ್ಯಾನ್ ಬ್ಲುಮ್‌ಹೇಗನ್ ಎಂಬ ಸಂಶೋಧಕರು 1980ರಷ್ಟು ಹಿಂದೆಯೇ ಇದೇ ಗೊಂದಲವನ್ನು ದಾಖಲಿಸಿದ್ದರು: ವೈದ್ಯರು ಒಂದು ಕಾಯಿಲೆಯ ಹೆಸರು ಹೇಳುತ್ತಿದ್ದರೆ, ಎದುರಿಗೆ ಕುಳಿತವರು ಅದೇ ಹೆಸರಿನಲ್ಲಿ ಅತಿಯಾದ ಟೆನ್ಷನ್ ಎಂಬ ಬೇರೆಯೇ ಕಾಯಿಲೆಯನ್ನು ಅರ್ಥ ಮಾಡಿಕೊಂಡಿದ್ದರು.

ಹಾಗಾದರೆ ನಂಟೇ ಇಲ್ಲವೇ ಎಂದರೆ ಹಾಗೂ ಅಲ್ಲ. ಮನಸ್ಸಿನ ಆರೋಗ್ಯಕ್ಕೂ ರಕ್ತದೊತ್ತಡಕ್ಕೂ ಗಟ್ಟಿಯಾದ ಸಂಬಂಧವಿದೆ. ಅದು ಜನ ಅಂದುಕೊಂಡಿರುವ ನೇರ ದಾರಿಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ನಿದ್ರೆ, ಕುಡಿತ, ಉಪ್ಪು, ಕೆಲಸದ ರೀತಿ ಮತ್ತು ಮರೆತುಹೋದ ಮಾತ್ರೆಗಳ ಬಳಸುದಾರಿಯಲ್ಲಿ ಇದೆ ಎಂಬುದು ಈ ಲೇಖನದ ವಾದ. ನೇರ ದಾರಿಯನ್ನೇ ನೋಡುತ್ತ ಕುಳಿತಿರುವುದರಿಂದ ನಾವೂ, ನಮ್ಮ ಆಸ್ಪತ್ರೆಗಳೂ ಬಳಸುದಾರಿಗಳನ್ನು ಗಮನಿಸುತ್ತಿಲ್ಲ.

ಮೊದಲು ನೇರ ದಾರಿಯನ್ನೇ ನೋಡೋಣ. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ವಯಸ್ಕರ ರಕ್ತದೊತ್ತಡ ಸುಮಾರು 120/80 ಮಿ.ಮೀ. ಪಾದರಸದಷ್ಟು ಇರುತ್ತದೆ, ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ನಮ್ಮಲ್ಲಿ ಅದನ್ನು ಅಧಿಕ ರಕ್ತದೊತ್ತಡವೆಂದು ಕರೆಯುತ್ತಾರೆ. ಅಮೆರಿಕದ ಹೃದ್ರೋಗ ಸಂಘಟನೆಗಳು 2017ರಲ್ಲಿ ಈ ಗೆರೆಯನ್ನು 130/80ಕ್ಕೆ ಇಳಿಸಿದವು. ಈ ಅಂಕಿಗಳು ಕಲ್ಲಿನ ಮೇಲೆ ಕೆತ್ತಿದವಲ್ಲ. ಹೊರಟುಹೋಗುತ್ತಿರುವ ಬಸ್ಸಿನ ಹಿಂದೆ ಓಡಿದರೂ, ಮೇಲಧಿಕಾರಿಯ ಫೋನ್ ಬಂದರೂ ಕ್ಷಣಾರ್ಧದಲ್ಲಿ ಮೇಲಕ್ಕೆ ಜಿಗಿಯುತ್ತವೆ. ಅಪಾಯದ ಸುಳಿವು ಸಿಕ್ಕ ಕೂಡಲೇ ಮಿದುಳಿನ ಹೈಪೋಥಲಮಸ್ ಭಾಗವು ಸಿಂಪಥೆಟಿಕ್ ನರವ್ಯೂಹವನ್ನು ಎಚ್ಚರಿಸುತ್ತದೆ, ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ಬಿಡುಗಡೆಯಾಗುತ್ತವೆ, ಹೃದಯದ ಬಡಿತ ಹೆಚ್ಚುತ್ತದೆ, ಸಣ್ಣ ರಕ್ತನಾಳಗಳು ಬಿಗಿಯಾಗುತ್ತವೆ. ಸ್ವಲ್ಪ ಹೊತ್ತಿನ ಬಳಿಕ ಕಾರ್ಟಿಸಾಲ್ ಕೂಡ ಏರುತ್ತದೆ. ಕಾದಾಡು ಇಲ್ಲವೇ ಓಡಿಹೋಗು ಎಂದು ದೇಹ ಸಿದ್ಧವಾಗುವ ಈ ಬಗೆಯನ್ನು ವಾಲ್ಟರ್ ಕ್ಯಾನನ್ ಎಂಬ ಶರೀರಶಾಸ್ತ್ರಜ್ಞರು ನೂರು ವರ್ಷಗಳ ಹಿಂದೆಯೇ ವಿವರಿಸಿದ್ದಾರೆ. ಅಪಾಯ ಕಳೆದ ಮೇಲೆ ಒತ್ತಡ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಇದು ಕಾಯಿಲೆಯಲ್ಲ, ದೇಹ ಸರಿಯಾಗಿ ಕೆಲಸ ಮಾಡುತ್ತಿರುವುದರ ಗುರುತು.

ಇಲ್ಲಿಂದ ಮುಂದಿನ ಪ್ರಶ್ನೆಯೇ ಕಠಿಣ. ದಿನಕ್ಕೆ ಹತ್ತು ಬಾರಿ ಹೀಗೆ ಏರಿ ಇಳಿಯುವ ಒತ್ತಡ ಯಾವತ್ತಾದರೂ ಇಳಿಯದೆ ಮೇಲೆಯೇ ನಿಂತುಬಿಡುತ್ತದೆಯೇ? ಕುತ್ತಿಗೆಯ ಮತ್ತು ಎದೆಯ ದೊಡ್ಡ ರಕ್ತನಾಳಗಳಲ್ಲಿ ಒತ್ತಡವನ್ನು ಅಳೆಯುವ ಸೂಕ್ಷ್ಮ ಸಂವೇದಕಗಳಿವೆ. ಒತ್ತಡ ದೀರ್ಘಕಾಲ ಹೆಚ್ಚಿದ್ದರೆ ಅವು ಹೊಸ ಮಟ್ಟಕ್ಕೇ ಒಗ್ಗಿಕೊಂಡು, ಹೆಚ್ಚಿರುವುದನ್ನೇ ಸಹಜವೆಂದು ಭಾವಿಸತೊಡಗುತ್ತವೆ. ಆದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ರಕ್ತದೊತ್ತಡ ಎಲ್ಲಿ ನಿಲ್ಲಬೇಕೆಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಮೂತ್ರಪಿಂಡ. ಎಷ್ಟು ಉಪ್ಪು, ಎಷ್ಟು ನೀರು ದೇಹದಲ್ಲಿ ಉಳಿಯಬೇಕೆಂಬ ಲೆಕ್ಕ ಅದರ ಕೈಯಲ್ಲಿದೆ. ಹಾಗಾಗಿ ಮನಸ್ಸಿನ ಕಳವಳ ಕಾಯಂ ಬಿಪಿಯಾಗಬೇಕಾದರೆ ಅದು ಹೇಗಾದರೂ ಮೂತ್ರಪಿಂಡದ ಬಾಗಿಲನ್ನು ತಟ್ಟಲೇಬೇಕು. ಅಂಥದೊಂದು ದಾರಿ ಇದ್ದೇ ಇದೆ: ಸಿಂಪಥೆಟಿಕ್ ನರಗಳು ನೇರವಾಗಿ ಮೂತ್ರಪಿಂಡಕ್ಕೆ ಹೋಗಿ ರೆನಿನ್ ಎಂಬ ವಸ್ತುವನ್ನು ಹೊರಡಿಸುತ್ತವೆ, ಅದರಿಂದ ನಾಳಗಳು ಬಿಗಿದು ಉಪ್ಪು ದೇಹದಲ್ಲೇ ಉಳಿಯುತ್ತದೆ. ಈ ನರಗಳನ್ನು ಕ್ಯಾಥೆಟರ್ ಎಂಬ ತೆಳು ಕೊಳವೆಯ ಮೂಲಕ ನಿಷ್ಕ್ರಿಯಗೊಳಿಸುವ ಚಿಕಿತ್ಸೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ನರ ಕಡಿದರೆ ಬಿಪಿ ಇಳಿಯುತ್ತದೆ ಎನ್ನುವುದು ನರದ ಪಾತ್ರಕ್ಕೆ ಒಳ್ಳೆಯ ಸಾಕ್ಷಿ. ಇಳಿಯುವ ಪ್ರಮಾಣ ಸಾಧಾರಣವಾದದ್ದು ಎನ್ನುವುದು, ನರವೇ ಎಲ್ಲವೂ ಅಲ್ಲ ಎನ್ನುವುದಕ್ಕೂ ಅಷ್ಟೇ ಒಳ್ಳೆಯ ಸಾಕ್ಷಿ.

ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳು ಕೊಡುವ ಚಿತ್ರವೂ ಹೀಗೆಯೇ ಎರಡು ಮುಖದ್ದು. ಇಂಥ ಒಂಬತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಖಿನ್ನತೆ ಇದ್ದವರಲ್ಲಿ ಮುಂದೆ ಅಧಿಕ ರಕ್ತದೊತ್ತಡ ಕಾಣಿಸಿಕೊಳ್ಳುವ ಸಾಧ್ಯತೆ ಇತರರಿಗಿಂತ ಸುಮಾರು ಶೇ 40ರಷ್ಟು ಹೆಚ್ಚಿತ್ತು. ಆತಂಕದ ಕಾಯಿಲೆಯ ಬಗ್ಗೆಯೂ ಇಂಥದೇ ಫಲಿತಾಂಶಗಳಿವೆ. ಇಷ್ಟನ್ನೇ ಓದಿದವರು ವಿಷಯ ಇತ್ಯರ್ಥವಾಯಿತು ಎಂದುಕೊಳ್ಳಬಹುದು. ಆದರೆ ನಾರ್ವೆಯ ಒಂದು ಪ್ರಾಂತದಲ್ಲಿ ಬಹುದೊಡ್ಡ ಸಂಖ್ಯೆಯ ಜನರ ಮೇಲೆ ನಡೆದ ಹಂಟ್ ಎಂಬ ಅಧ್ಯಯನದಲ್ಲಿ ಖಿನ್ನತೆ, ಆತಂಕದ ಲಕ್ಷಣಗಳಿದ್ದವರ ರಕ್ತದೊತ್ತಡ ಇತರರಿಗಿಂತ ಕಡಿಮೆಯೇ ಕಂಡಿತು. ನೆದರ್ಲೆಂಡ್ಸ್‌ನ ಇನ್ನೊಂದು ಅಧ್ಯಯನದಲ್ಲಿ ಖಿನ್ನತೆಯಿದ್ದವರಲ್ಲಿ ರಕ್ತದೊತ್ತಡದ ಮೇಲಿನ ಅಂಕಿ (120/80ರಲ್ಲಿ 120) ಕಡಿಮೆಯಿತ್ತು, ಅದೇ ಖಿನ್ನತೆಗೆ ಕೆಲವು ಬಗೆಯ ಮಾತ್ರೆ ಸೇವಿಸುತ್ತಿದ್ದವರಲ್ಲಿ ಹೆಚ್ಚಿತ್ತು. ಈ ವಿರೋಧವನ್ನು ಮುಚ್ಚಿಟ್ಟು ಬರೆಯುವುದು ಸುಲಭ, ಆದರೆ ಅದು ಸರಿಯಲ್ಲ. ಮನೋವ್ಯಥೆ ಎಲ್ಲರಲ್ಲೂ ಒಂದೇ ರೀತಿ ರಕ್ತನಾಳವನ್ನು ಹಿಂಡುವುದಿಲ್ಲ. ಅದು ಮನುಷ್ಯನ ದಿನಚರಿಯನ್ನು ಹೇಗೆ ಕೆಡಿಸುತ್ತದೆ ಮತ್ತು ಅದಕ್ಕೆ ಯಾವ ಔಷಧ ಬೀಳುತ್ತದೆ ಎನ್ನುವುದರ ಮೇಲೆ ಬಹಳಷ್ಟು ನಿಂತಿದೆ ಎಂಬುದೇ ಇದರಿಂದ ನಾನು ತೆಗೆಯುವ ಅರ್ಥ.

ಬಳಸುದಾರಿಗಳಲ್ಲಿ ಮೊದಲನೆಯದು ನಿದ್ರೆ. ಆರೋಗ್ಯವಂತರ ರಕ್ತದೊತ್ತಡ ರಾತ್ರಿ ಮಲಗಿದಾಗ ಶೇ 10ರಿಂದ 20ರಷ್ಟು ಇಳಿಯುತ್ತದೆ. ಹಗಲೆಲ್ಲ ದುಡಿದ ನಾಳಗಳಿಗೆ ಅದೊಂದೇ ಬಿಡುವು. ರಾತ್ರಿ ಇಳಿಯದವರಲ್ಲಿ ಹೃದಯ, ಮಿದುಳು, ಮೂತ್ರಪಿಂಡಗಳಿಗೆ ಹಾನಿಯ ಸಾಧ್ಯತೆ ಹೆಚ್ಚು. ಆತಂಕ, ಖಿನ್ನತೆಗಳು ಮೊದಲು ಕೈಹಾಕುವುದೇ ನಿದ್ರೆಗೆ. ಮಲಗಿದರೂ ನಿದ್ರೆ ಹತ್ತದಿರುವುದು, ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ ಮತ್ತೆ ಕಣ್ಣು ಮುಚ್ಚದಿರುವುದು. ಇದರ ಮೇಲೆ ಬೆಂಗಳೂರು ತನ್ನ ಕಾಣಿಕೆಯನ್ನೂ ಸೇರಿಸುತ್ತದೆ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮೀರಬಾರದು. ಹೊರ ವರ್ತುಲ ರಸ್ತೆಯ ಬದಿಯಲ್ಲಿ ಮನೆ ಇರುವವರಿಗೆ ಈ ಅಂಕಿ ಕೇಳಿದರೆ ನಗು ಬಂದೀತು. ಯುರೋಪಿನ ಆರು ವಿಮಾನ ನಿಲ್ದಾಣಗಳ ಸುತ್ತ ವಾಸಿಸುವ 45ರಿಂದ 70 ವರ್ಷದವರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಾತ್ರಿಯ ವಿಮಾನದ ಸದ್ದು ಪ್ರತಿ 10 ಡೆಸಿಬೆಲ್ ಹೆಚ್ಚಿದಂತೆ ಅಧಿಕ ರಕ್ತದೊತ್ತಡದ ಸಾಧ್ಯತೆ ಶೇ 14ರಷ್ಟು ಏರಿತ್ತು. ಅದೇ ತಂಡ ಮಲಗಿದವರ ರಕ್ತದೊತ್ತಡವನ್ನು ರಾತ್ರಿಯಿಡೀ ಅಳೆದಾಗ, ವಿಮಾನ ಹಾದುಹೋದಾಗಲೆಲ್ಲ ಮೇಲಿನ ಅಂಕಿ ಸರಾಸರಿ 6 ಮಿ.ಮೀ.ನಷ್ಟು ಜಿಗಿಯುವುದು ಕಂಡಿತು. ಎಚ್ಚರವೇ ಆಗದವರಲ್ಲೂ ಹೀಗಾಗುತ್ತಿತ್ತು! "ನನಗೆ ಈ ಸದ್ದೆಲ್ಲ ಅಭ್ಯಾಸವಾಗಿಹೋಗಿದೆ" ಎನ್ನುವುದು ಮನಸ್ಸಿನ ಮಟ್ಟಿಗೆ ನಿಜವಿರಬಹುದು, ನಾಳಗಳ ಮಟ್ಟಿಗೆ ಅಲ್ಲ.

ಎರಡನೆಯದು ಕೆಲಸ. ನಗರದಲ್ಲಿ ಒತ್ತಡ ಎಂದ ಕೂಡಲೇ ಎಲ್ಲರ ಕಣ್ಣೆದುರು ಬರುವುದು ಐಟಿ ಕಂಪನಿಯ ಉದ್ಯೋಗಿ. 2023ರ ಅಕ್ಟೋಬರ್‌ನಲ್ಲಿ ಎನ್.ಆರ್. ನಾರಾಯಣಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕೆಂದು ಹೇಳಿದಾಗ ನಡೆದ ಚರ್ಚೆಯೂ ಬಹುತೇಕ ಅವರ ಸುತ್ತಲೇ ಸುತ್ತಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ವಾರಕ್ಕೆ 35–40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು. ಪಾರ್ಶ್ವವಾಯುವಿಗೆ ಅತಿ ದೊಡ್ಡ ಕಾರಣವೇ ಅಧಿಕ ರಕ್ತದೊತ್ತಡ. ಆದರೆ ಗಂಟೆಗಳ ಲೆಕ್ಕ ಅರ್ಧ ಮಾತ್ರ ಹೇಳುತ್ತದೆ. ರಾಬರ್ಟ್ ಕರಾಸೆಕ್ ಎಂಬ ಸಮಾಜಶಾಸ್ತ್ರಜ್ಞರು 1979ರಲ್ಲಿ ಮುಂದಿಟ್ಟ ವಿಚಾರವೆಂದರೆ, ಕೆಲಸ ಹೆಚ್ಚಿರುವುದಕ್ಕಿಂತಲೂ ಕೆಲಸ ಹೆಚ್ಚಿದ್ದು ಅದರ ಮೇಲೆ ತನಗೆ ಹಿಡಿತವೇ ಇಲ್ಲದಿರುವುದು ಮನುಷ್ಯನನ್ನು ಹೆಚ್ಚು ಕುಗ್ಗಿಸುತ್ತದೆ. ಈ ಅಳತೆಗೋಲು ಹಿಡಿದರೆ ಪೀಣ್ಯ, ಬೊಮ್ಮನಹಳ್ಳಿಗಳ ಗಾರ್ಮೆಂಟ್ಸ್‌ನಲ್ಲಿ ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ ಎದುರಿಸುವ, ಶೌಚಾಲಯಕ್ಕೆ ಹೋಗಲೂ ಸೂಪರ್‌ವೈಸರ್ ಮುಖ ನೋಡಬೇಕಾದ ಹೆಣ್ಣುಮಗಳೂ, ಫೋನಿನ ಆ್ಯಪ್ ಹೇಳಿದಷ್ಟು ನಿಮಿಷದಲ್ಲಿ ಊಟ ತಲುಪಿಸಬೇಕಾದ ಡೆಲಿವರಿ ಹುಡುಗನೂ ಕ್ಯಾಬಿನ್ನಿನಲ್ಲಿ ಕುಳಿತ ಮ್ಯಾನೇಜರಿಗಿಂತ ಹೆಚ್ಚಿನ ಅಪಾಯದಲ್ಲಿದ್ದಾರೆ. ಮ್ಯಾನೇಜರಿಗೆ ಕಂಪನಿಯ ವತಿಯಿಂದ ವರ್ಷಕ್ಕೊಮ್ಮೆ ಪೂರ್ಣ ತಪಾಸಣೆಯಾದರೂ ಆಗುತ್ತದೆ.

ಊಟ, ಕುಡಿತಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮನಸ್ಸು ಸರಿಯಿಲ್ಲದವರು ಅಡುಗೆ ಮಾಡಿಕೊಳ್ಳುವ ಉತ್ಸಾಹ ಕಳೆದುಕೊಂಡು ಅನ್ನಕ್ಕೆ ಉಪ್ಪಿನಕಾಯಿ ಹಚ್ಚಿಕೊಂಡೋ, ಚಿಪ್ಸ್ ಪೊಟ್ಟಣ ಬಿಚ್ಚಿಯೋ ಊಟ ಮುಗಿಸುತ್ತಾರೆ. ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಇರಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತು ಅಲ್ಲಿಗೆ ಮುಗಿಯಿತು. ನಿದ್ರೆ ಬರಲೆಂದು ಒಂದು ಪೆಗ್ ಹಾಕುವವರಿಗೆ ಮದ್ಯ ಮೊದಲು ಮಂಪರು ಕೊಟ್ಟು, ಆಮೇಲೆ ನಡುರಾತ್ರಿಯ ನಿದ್ರೆಯನ್ನೂ ಕೆಡಿಸಿ, ರಕ್ತದೊತ್ತಡವನ್ನೂ ಏರಿಸುತ್ತದೆ.

ನನ್ನ ಅಂದಾಜಿನಲ್ಲಿ ಎಲ್ಲಕ್ಕಿಂತ ಅಗಲವಾದ, ಎಲ್ಲಕ್ಕಿಂತ ಕಡಿಮೆ ಮಾತಿಗೆ ಬರುವ ದಾರಿಯೆಂದರೆ ಮಾತ್ರೆ ತಪ್ಪುವುದು. ಅಧಿಕ ರಕ್ತದೊತ್ತಡಕ್ಕೆ ಸಾಮಾನ್ಯವಾಗಿ ಲಕ್ಷಣಗಳೇ ಇರುವುದಿಲ್ಲ. ನೋವಿಲ್ಲದ ಕಾಯಿಲೆಗೆ ಪ್ರತಿದಿನ, ಬದುಕಿರುವವರೆಗೂ ಮಾತ್ರೆ ನುಂಗಬೇಕೆಂದರೆ ನಾಳೆಯ ಬಗ್ಗೆ ಒಂದಿಷ್ಟು ಆಸೆ ಬೇಕು. ಖಿನ್ನತೆ ಕಸಿದುಕೊಳ್ಳುವುದೇ ಆ ಆಸೆಯನ್ನು. ವೈದ್ಯರ ಸಲಹೆ ಪಾಲಿಸದಿರುವ ಸಾಧ್ಯತೆ ಖಿನ್ನತೆಯಿರುವ ರೋಗಿಗಳಲ್ಲಿ ಮೂರು ಪಟ್ಟು ಎಂದು 2000ದಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ತೋರಿಸಿತ್ತು. ಒಂದು ಸಾಮಾನ್ಯ ಬಿಪಿ ಮಾತ್ರೆ ಮೇಲಿನ ಅಂಕಿಯನ್ನು ಸರಾಸರಿ 9 ಮಿ.ಮೀ.ನಷ್ಟು ಇಳಿಸುತ್ತದೆ, 10 ಮಿ.ಮೀ. ಇಳಿದರೆ ಹೃದಯಾಘಾತ, ಪಾರ್ಶ್ವವಾಯುಗಳಂಥ ದೊಡ್ಡ ಅವಘಡಗಳು ಐದರಲ್ಲಿ ಒಂದರಷ್ಟು ಕಡಿಮೆಯಾಗುತ್ತವೆ. ಈ ಲೆಕ್ಕದ ಮುಂದೆ ಸಿಟ್ಟಿನಿಂದ ಅರ್ಧ ಗಂಟೆ ಏರಿದ ಬಿಪಿ ಏನೇನೂ ಅಲ್ಲ. ಮಾತು ಕೇಳದ ಮಗನಿಂದ ಬಿಪಿ ಏರಿತೆಂದು ದೂರುವ ತಂದೆ ಮೂರು ವಾರದಿಂದ ಮಾತ್ರೆಯನ್ನೇ ಮುಟ್ಟಿರುವುದಿಲ್ಲ. ಮನೆಯವರು ಮಗನನ್ನು ಬೈಯುತ್ತಾರೆ, ಮಾತ್ರೆಯ ಪಟ್ಟಿಯನ್ನು ಯಾರೂ ಎಣಿಸುವುದಿಲ್ಲ.

ಇನ್ನು ಭಯ. ಭಯವೇ ಅಂಕಿಯನ್ನು ಏರಿಸುತ್ತದೆ ಎನ್ನುವುದು ವೈದ್ಯರಿಗೆಲ್ಲ ಗೊತ್ತಿರುವ ವಿಷಯ. ಬಿಳಿ ಕೋಟು ಕಂಡಾಗ ಮಾತ್ರ ಏರಿ ಮನೆಯಲ್ಲಿ ಸರಿಯಾಗಿರುವ ಬಿಪಿಗೆ ಪ್ರತ್ಯೇಕ ಹೆಸರೇ ಇದೆ. ಇದರ ತಿರುವುಮುರುವೂ ಉಂಟು: ಕ್ಲಿನಿಕ್ಕಿನಲ್ಲಿ ಶಾಂತವಾಗಿದ್ದು ಮನೆಯಲ್ಲಿ, ಕೆಲಸದಲ್ಲಿ ಏರುವ ಮುಚ್ಚಿಕೊಂಡ ಬಿಪಿ. ಇದು ಹೆಚ್ಚು ಅಪಾಯಕಾರಿ, ಯಾಕೆಂದರೆ ಯಾರಿಗೂ ಕಾಣುವುದೇ ಇಲ್ಲ. ಇವೆರಡನ್ನೂ ಹಿಡಿಯಬೇಕಾದರೆ ಮನೆಯಲ್ಲೇ ಕೆಲವು ದಿನ ಅಳೆದು ಬರೆದಿಡಬೇಕು, ಅಲ್ಲಿ ಎಚ್ಚರಿಕೆಯ ಗೆರೆ 135/85. ಆದರೆ ಆತಂಕದ ಸ್ವಭಾವದವರ ಕೈಗೆ ಬಿಪಿ ಮಿಷನ್ ಸಿಕ್ಕರೆ ಅದೇ ಹೊಸ ಕಾಯಿಲೆಯಾಗಬಹುದು. ಎದೆ ಡವಗುಟ್ಟಿದಾಗಲೆಲ್ಲ ಅಳೆಯುವುದು, ಅಂಕಿ ಕಂಡು ಇನ್ನಷ್ಟು ಹೆದರುವುದು, ಹೆದರಿಕೆಯಿಂದ ಅಂಕಿ ಮತ್ತೆ ಏರುವುದು, ಮತ್ತೆ ಅಳೆಯುವುದು. ಅಂಥವರಿಗೆ ಬೆಳಿಗ್ಗೆ, ಸಂಜೆ ಎರಡು ಹೊತ್ತು ಮಾತ್ರ ಎಂಬ ಕಟ್ಟುಪಾಡು ಇರುವುದು ಒಳ್ಳೆಯದು.

ಈ ಭಯ ಇಡೀ ಊರನ್ನೇ ಹಿಡಿದದ್ದನ್ನು ಬೆಂಗಳೂರು ಎರಡು ಬಾರಿ ನೋಡಿದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡ ಬಳಿಕ, ಮತ್ತೆ 2025ರ ಬೇಸಿಗೆ ಕಳೆದು ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಒಂದರ ಹಿಂದೊಂದು ಬಂದಾಗ, ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯಿತು. ತಪಾಸಣೆಯೇ ಮಾಡಿಸಿಕೊಳ್ಳದಿರುವುದಕ್ಕಿಂತ ಇದು ವಾಸಿ. ಹಾಗಿದ್ದರೂ ಹೆದರಿ ಬಂದವರಿಗೆ ಒಂದು ಅಂಕಿ ಕೊಟ್ಟು ಕಳಿಸಿದರೆ ಏನಾಗುತ್ತದೆ ಎಂಬುದನ್ನು ಯೋಚಿಸಬೇಕು. ಕೆನಡಾದ ಹ್ಯಾಮಿಲ್ಟನ್ ಊರಿನ ಉಕ್ಕಿನ ಕಾರ್ಖಾನೆಯ ಕಾರ್ಮಿಕರನ್ನು ತಪಾಸಣೆ ಮಾಡಿ, ಬಿಪಿ ಇದೆಯೆಂದು ತಿಳಿಸಿದ ಮೇಲೆ ಅವರು ಕೆಲಸಕ್ಕೆ ರಜೆ ಹಾಕುವುದು ಗಣನೀಯವಾಗಿ ಹೆಚ್ಚಿತೆಂದು 1978ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುತ್ತದೆ. ಕಾಯಿಲೆ ಅವರಲ್ಲಿ ಮೊದಲೂ ಇತ್ತು, ಗೊತ್ತಿರಲಿಲ್ಲ ಅಷ್ಟೇ. ಗೊತ್ತಾದದ್ದೇ ಅವರನ್ನು ರೋಗಿಗಳನ್ನಾಗಿ ಮಾಡಿತು.

ಮನಸ್ಸು ಮತ್ತು ಬಿಪಿಯ ಇತಿಹಾಸ ಒಂದು ಕಾಲಕ್ಕೆ ಒಂದೇ ಬೇರಿನಲ್ಲಿತ್ತು ಎನ್ನುವುದು ಅಲಂಕಾರದ ಮಾತಲ್ಲ, ನಿಜವಾಗಿಯೂ ಒಂದು ಗಿಡದ ಬೇರು. ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ 1931ರಲ್ಲಿ ಸರ್ಪಗಂಧದ ಬೇರಿನ ಬಗ್ಗೆ ಬರೆದ ಲೇಖನ, ಅದು ಬುದ್ಧಿಭ್ರಮಣೆಗೂ ಅಧಿಕ ರಕ್ತದೊತ್ತಡಕ್ಕೂ ಮದ್ದು ಎಂದು ಒಟ್ಟಿಗೇ ಹೇಳಿತ್ತು. ಮುಂಬೈಯ ಹೃದ್ರೋಗ ತಜ್ಞ ರುಸ್ತಮ್ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯೊಂದರಲ್ಲಿ ಅದರ ಬಿಪಿ ಇಳಿಸುವ ಗುಣವನ್ನು ಜಗತ್ತಿಗೆ ತಿಳಿಸಿದರು; 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯ ವಿಜ್ಞಾನಿಗಳು ಅದರಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಆಮೇಲೆ ಬಂದದ್ದು ಕುತೂಹಲದ ತಿರುವು. ರೆಸರ್ಪಿನ್ ಸೇವಿಸಿದ ಕೆಲವು ಬಿಪಿ ರೋಗಿಗಳು ಖಿನ್ನರಾಗತೊಡಗಿದರೆಂಬ ವರದಿಗಳು ಬಂದವು. ನರತುದಿಗಳಲ್ಲಿ ಶೇಖರವಾಗಿರುವ ನಾರ್‌ಅಡ್ರಿನಲಿನ್, ಸೆರೊಟೋನಿನ್‌ಗಳನ್ನು ಅದು ಬರಿದು ಮಾಡುತ್ತದೆಂದು ತಿಳಿದಾಗ, ಖಿನ್ನತೆಗೂ ಈ ರಾಸಾಯನಿಕಗಳ ಕೊರತೆಯೇ ಕಾರಣವಿರಬೇಕೆಂಬ ಊಹೆ ಹುಟ್ಟಿತು. ಈ ಊಹೆ ಇಂದು ಅಷ್ಟು ಸರಳವಾಗಿ ಉಳಿದಿಲ್ಲ, ರೆಸರ್ಪಿನ್ನಿನ ಮೇಲಿನ ಆರೋಪವನ್ನೂ ಆಮೇಲಿನ ವಿಮರ್ಶಕರು ಪ್ರಶ್ನಿಸಿದ್ದಾರೆ. ಆದರೂ ಖಿನ್ನತೆಯ ಔಷಧಗಳ ಒಂದು ಇಡೀ ಪೀಳಿಗೆ ಈ ಊಹೆಯ ನೆರಳಿನಲ್ಲಿ ಬೆಳೆಯಿತು. ಹೀಗೆಂದು ಸರ್ಪಗಂಧದ ಬೇರಿನ ಪುಡಿಯನ್ನು ತಾವೇ ತಂದು ಕುಡಿಯುವ ಸಾಹಸ ಯಾರಿಗೂ ಬೇಡ.

ಇಂದಿನ ಔಷಧಗಳಲ್ಲೂ ಈ ಎರಡು ಲೋಕಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಖಿನ್ನತೆ, ಆತಂಕಗಳಿಗೆ ಕೊಡುವ ವೆನ್ಲಾಫ್ಯಾಕ್ಸಿನ್ ಪ್ರಮಾಣ ಹೆಚ್ಚಿದಂತೆ ಬಿಪಿಯನ್ನು ಏರಿಸಬಲ್ಲದು. ಖಿನ್ನತೆಯ ಇನ್ನೊಂದು ಮಾತ್ರೆ ಸರ್ಟ್ರಲಿನ್‌ನಂಥವುಗಳಿಂದ ಸಾಮಾನ್ಯವಾಗಿ ಆ ತೊಂದರೆಯಿಲ್ಲ. ತೀವ್ರ ಮನೋರೋಗಕ್ಕೆ ಕೊಡುವ ಒಲಾಂಜಪಿನ್, ಕ್ಲೋಜಪಿನ್‌ಗಳಿಂದ ತೂಕ ಏರುತ್ತದೆ, ತೂಕದ ಹಿಂದೆ ಸಕ್ಕರೆಯೂ ಬಿಪಿಯೂ ಬರುತ್ತವೆ. ಮನಸ್ಸಿನ ಅತಿಯಾದ ಏರಿಳಿತಕ್ಕೆ (ಬೈಪೋಲಾರ್ ಕಾಯಿಲೆಗೆ) ಕೊಡುವ ಲಿಥಿಯಂ ಸೇವಿಸುವವರಿಗೆ ಬಿಪಿಗೆಂದು ಥಯಾಜೈಡ್ ಬಗೆಯ ಮೂತ್ರ ಹೆಚ್ಚಿಸುವ ಮಾತ್ರೆಯನ್ನೋ, ಎನಲಾಪ್ರಿಲ್‌ನಂಥದನ್ನೋ ಸೇರಿಸಿದರೆ ರಕ್ತದಲ್ಲಿ ಲಿಥಿಯಂ ವಿಷದ ಮಟ್ಟಕ್ಕೆ ಏರುವ ಅಪಾಯವಿದೆ. ಇದು ಎರಡು ಚೀಟಿಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ನೋಡಿದರೆ ಮಾತ್ರ ತಿಳಿಯುವ ಅಪಾಯ. ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಎಂಬ ಬಿಪಿ ಮಾತ್ರೆಗಳಿಂದ ಖಿನ್ನತೆ ಬರುತ್ತದೆಂಬ ಹಳೆಯ ನಂಬಿಕೆಗೆ ಈಚಿನ ವಿಶ್ಲೇಷಣೆಗಳಲ್ಲಿ ಆಧಾರ ಸಿಕ್ಕಿಲ್ಲ, ನಿದ್ರೆಯ ತೊಂದರೆ ಮತ್ತು ವಿಚಿತ್ರ ಕನಸುಗಳಿಗೆ ಸಿಕ್ಕಿದೆ. ಇದನ್ನೆಲ್ಲ ಓದಿ ಯಾರೂ ತಮ್ಮಷ್ಟಕ್ಕೆ ತಾವೇ ಮಾತ್ರೆ ನಿಲ್ಲಿಸಬಾರದು. ಎರಡೂ ಚೀಟಿಗಳನ್ನು ಇಬ್ಬರೂ ವೈದ್ಯರಿಗೆ ತೋರಿಸಬೇಕು.

ದಾರಿ ಒಮ್ಮುಖವೂ ಅಲ್ಲ. ಬಹುಕಾಲ ಏರಿಯೇ ಇದ್ದ ರಕ್ತದೊತ್ತಡ ಮಿದುಳಿನ ಒಳಗಿನ ಸಣ್ಣ ನಾಳಗಳನ್ನು ಹಾಳುಮಾಡುತ್ತದೆ, ಅದರಿಂದ ಇಳಿವಯಸ್ಸಿನಲ್ಲಿ ಉತ್ಸಾಹ ಬತ್ತಿ, ಯೋಚನೆ ನಿಧಾನವಾಗುವ ಒಂದು ಬಗೆಯ ಖಿನ್ನತೆ ಹುಟ್ಟುತ್ತದೆ ಎಂದು ಮನೋವೈದ್ಯರು ವಾದಿಸುತ್ತಾರೆ. ಮಧ್ಯವಯಸ್ಸಿನ ಅಧಿಕ ರಕ್ತದೊತ್ತಡ ಮುಂದೆ ಬರುವ ಮರೆವಿನ ಕಾಯಿಲೆಗೆ ಕಾರಣಗಳಲ್ಲೊಂದು ಎಂಬುದು ಈಗ ಬಹುಮಟ್ಟಿಗೆ ಒಪ್ಪಿತವಾದ ಮಾತು. ಮೇಲಿನ ಅಂಕಿಯನ್ನು 120ಕ್ಕಿಂತ ಕೆಳಗೆ ಇಳಿಸುವ ಗುರಿಯಿಟ್ಟ ಅಮೆರಿಕದ ಸ್ಪ್ರಿಂಟ್ ಪ್ರಯೋಗದ 2019ರ ವರದಿಯಲ್ಲಿ, ಮರೆವಿನ ಕಾಯಿಲೆಗೆ ಮುನ್ನ ಕಾಣುವ ಲಘು ನೆನಪಿನ ತೊಂದರೆ ಶೇ 19ರಷ್ಟು ಕಡಿಮೆಯಾಗಿತ್ತು. ತಾತ ಯಾಕೋ ಮಂಕಾಗಿದ್ದಾರೆ, ವಯಸ್ಸಾಯಿತಲ್ಲ ಎಂದು ಬಿಡುವ ಮೊದಲು ಅವರ ಬಿಪಿ ಎಷ್ಟು ವರ್ಷ ಎಷ್ಟಿತ್ತು ಎಂದು ಕೇಳುವುದು ಉಚಿತ.

ಈಗ ಒಂದು ಸರಳ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿ 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 35.5 ಮಂದಿಗೆ ಅಧಿಕ ರಕ್ತದೊತ್ತಡವಿದೆ. ನಮ್ಮ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಸುಮಾರು 20 ಜನರಲ್ಲಿ ಒಬ್ಬರು ಖಿನ್ನತೆಯನ್ನು ಅನುಭವಿಸಿದವರು. ಸಮೀಕ್ಷೆಗೆ ಆರಿಸಿದ 12 ರಾಜ್ಯಗಳಲ್ಲಿ ಕರ್ನಾಟಕವೇ ಇರಲಿಲ್ಲ ಎನ್ನುವುದು ಬೇರೆ ಮಾತು. ಎರಡಕ್ಕೂ ಯಾವ ನಂಟೂ ಇಲ್ಲವೆಂದೇ ಇಟ್ಟುಕೊಂಡರೂ, ಕೇವಲ ಆಕಸ್ಮಿಕವಾಗಿ ಎರಡೂ ಇರುವವರು 60 ವಯಸ್ಕರಲ್ಲಿ ಒಬ್ಬರಾದರೂ ಸಿಗುತ್ತಾರೆ, ಅಂದರೆ ಕಿಕ್ಕಿರಿದ ಪ್ರತಿ ಬಿಎಂಟಿಸಿ ಬಸ್ಸಿಗೊಬ್ಬರು. ಯಾವುದು ಯಾವುದಕ್ಕೆ ಕಾರಣ ಎಂಬ ವಾದ ಮುಗಿಯುವವರೆಗೆ ಆ ಪ್ರಯಾಣಿಕರು ಕಾಯಬೇಕಾಗಿಲ್ಲ. ಅದೇ ಸಮೀಕ್ಷೆ ತೋರಿಸಿದಂತೆ, ಮನಸ್ಸಿನ ಬೇರೆ ಬೇರೆ ಕಾಯಿಲೆಗಳಿರುವವರಲ್ಲಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಇನ್ನೊಂದು ಕಡೆ, ತೀವ್ರ ಮನೋರೋಗವಿರುವವರು ಇತರರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ, ಅದೂ ಹೆಚ್ಚಾಗಿ ಹೃದ್ರೋಗದಂಥ ದೈಹಿಕ ಕಾಯಿಲೆಗಳಿಂದ. ಅಂಥವರು ಎದೆನೋವು ಎಂದರೂ ಮನೆಯವರಿಗೂ ಕೆಲವೊಮ್ಮೆ ವೈದ್ಯರಿಗೂ ಅದು ಹುಚ್ಚಿನ ಮಾತಾಗಿ ಕೇಳುತ್ತದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೂ ಬನ್ನೇರುಘಟ್ಟ ರಸ್ತೆಯ ಜಯದೇವಕ್ಕೂ ನಡುವೆ ಇರುವುದು ಕೆಲವೇ ಕಿಲೋಮೀಟರ್. ರೋಗಿಯ ಪಾಲಿಗೆ ಅವು ಎರಡು ಬೇರೆ ಊರುಗಳು.

ಹಾಗಾದರೆ ಏನು ಕೆಲಸ ಮಾಡುತ್ತದೆ? ಯೋಗ, ಧ್ಯಾನ, ನಿಧಾನ ಉಸಿರಾಟಗಳು ಮೇಲಿನ ಅಂಕಿಯನ್ನು ಸರಾಸರಿ ಐದರ ಆಸುಪಾಸು ಇಳಿಸುತ್ತವೆ. ಸಣ್ಣ ಲಾಭವಲ್ಲ, ಆದರೆ ಅದನ್ನು ಮಾತ್ರೆಗೆ ಬದಲಿಯೆಂದು ಮಾರುವವರಿಂದ ದೂರವಿರಬೇಕು. ಇದಕ್ಕಿಂತ ಹೆಚ್ಚು ಭರವಸೆ ಹುಟ್ಟಿಸುವುದು ಎರಡೂ ಕಾಯಿಲೆಗಳನ್ನು ಒಂದೇ ಕಡೆ ನೋಡುವ ಪ್ರಯೋಗಗಳು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸಕ್ಕರೆ ಕಾಯಿಲೆ ಅಥವಾ ಹೃದ್ರೋಗದ ಜೊತೆಗೆ ಖಿನ್ನತೆಯೂ ಇದ್ದವರನ್ನು ನರ್ಸ್‌ಗಳೇ ಹಿಂಬಾಲಿಸಿ ವಿಚಾರಿಸಿಕೊಂಡ ಪ್ರಯೋಗದಲ್ಲಿ, 2010ರ ವರದಿಯಂತೆ, ಖಿನ್ನತೆ ಕಡಿಮೆಯಾದದ್ದಲ್ಲದೆ ರಕ್ತದೊತ್ತಡವೂ ಇತರರಿಗಿಂತ 5 ಮಿ.ಮೀ. ಹೆಚ್ಚು ಇಳಿಯಿತು. ಅದೇ ಮಾದರಿಯನ್ನು ನಮ್ಮ ದೇಶದ ನಾಲ್ಕು ಮಧುಮೇಹ ಚಿಕಿತ್ಸಾಲಯಗಳಲ್ಲಿ 404 ರೋಗಿಗಳ ಮೇಲೆ ಪರೀಕ್ಷಿಸಲಾಯಿತು. 2020ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ, ಖಿನ್ನತೆಯ ಜೊತೆಗೆ ಸಕ್ಕರೆ, ಬಿಪಿ, ಕೊಲೆಸ್ಟರಾಲ್‌ಗಳಲ್ಲಿ ಒಂದಾದರೂ ಸುಧಾರಿಸಿದವರು ಶೇ 71.6, ಎಂದಿನ ಚಿಕಿತ್ಸೆ ಪಡೆದವರಲ್ಲಿ ಶೇ 57.4. ನಗರದ ಪಕ್ಕದಲ್ಲೇ, ಈಗ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾಗಿರುವ ರಾಮನಗರ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಇಂಥದೇ ಪ್ರಯೋಗವೊಂದನ್ನು ಹಳ್ಳಿಯ ಜನರ ಗುಂಪು ಸಭೆಗಳ ಮೂಲಕ ನಡೆಸಿದ್ದಾರೆ. ಇವುಗಳಲ್ಲಿ ಎಲ್ಲೂ ದುಬಾರಿ ಯಂತ್ರವಿಲ್ಲ. ಒಬ್ಬ ನರ್ಸ್, ಒಂದು ಪುಸ್ತಕ, ತಪ್ಪದೆ ಬರುವ ಒಂದು ಫೋನ್ ಕರೆ.

ಸರ್ಕಾರದ ಕೈಯಲ್ಲಿ ಬಿಡಿಬಿಡಿಯಾಗಿ ಎಲ್ಲವೂ ಇದೆ. 2022ರ ಅಕ್ಟೋಬರ್ 10ರಂದು ಬೆಂಗಳೂರಿನಲ್ಲೇ ಚಾಲನೆ ಪಡೆದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರು ಸಿಗುವ ವ್ಯವಸ್ಥೆಯಾಗಿದೆ. ವಾರ್ಡ್ ವಾರ್ಡ್‌ಗಳಲ್ಲಿ ನಮ್ಮ ಕ್ಲಿನಿಕ್‌ಗಳಿವೆ, ಅಲ್ಲಿ ಬಿಪಿ ಅಳೆಯುತ್ತಾರೆ. ಇವುಗಳ ನಡುವೆ ಹೊಲಿಗೆ ಬಿದ್ದಿಲ್ಲ. ಆ ಹೊಲಿಗೆಗೆ ಬೇಕಾದದ್ದು ಹೊಸ ಕಟ್ಟಡವಲ್ಲ, ಎರಡು ಪ್ರಶ್ನೆಗಳು: ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿಯಾಗಲಿ ಸಂತೋಷವಾಗಲಿ ಇಲ್ಲದಂತೆ ಅನ್ನಿಸಿದೆಯೇ? ಮನಸ್ಸು ಕುಗ್ಗಿದಂತೆ, ದಿಕ್ಕುತೋಚದಂತೆ ಅನ್ನಿಸಿದೆಯೇ? ಖಿನ್ನತೆಯನ್ನು ಮೊದಲ ಸುತ್ತಿನಲ್ಲಿ ಗುರುತಿಸಲು ಜಗತ್ತಿನಾದ್ಯಂತ ಬಳಸುವ ಪ್ರಶ್ನೆಗಳಿವು, ಕೇಳಲು ಒಂದು ನಿಮಿಷ ಸಾಕು. ಮನೋವೈದ್ಯರ ಕೋಣೆಯಲ್ಲಿ ಇದಕ್ಕೆ ಸಾಟಿಯಾದದ್ದೆಂದರೆ ಪ್ರತಿ ಭೇಟಿಯಲ್ಲೂ ಬಿಪಿ ಅಳೆಯಲು ತೋಳಿಗೆ ಪಟ್ಟಿ ಕಟ್ಟುವುದು.

ಕೇಳುವ ಹೊತ್ತು ಮಾತ್ರ ಸರಿಯಾಗಿರಬೇಕು. ಬಿಪಿ ಅಳೆಯುವ ಮುನ್ನ ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ತೋಳನ್ನು ಹೃದಯದ ಮಟ್ಟಕ್ಕೆ ಇಟ್ಟು, ಮಾತಿಲ್ಲದೆ ಕುಳಿತಿರಬೇಕು. ಅಳೆಯುವಾಗ ಮಾತನಾಡಿದರೆ ಅಂಕಿ ಹತ್ತರಷ್ಟು ಏರಿಬಿಡಬಹುದು. ಆದ್ದರಿಂದ ಮೊದಲು ಪಟ್ಟಿ ಕಟ್ಟಿ, ಅಂಕಿ ಬರೆದುಕೊಂಡು, ಪಟ್ಟಿ ಬಿಚ್ಚಿದ ಮೇಲೆ ಆ ಎರಡು ಪ್ರಶ್ನೆಗಳನ್ನು ಕೇಳಬೇಕು, ಮತ್ತು ಉತ್ತರ ಬರುವವರೆಗೆ ಮುಂದಿನ ಟೋಕನ್ ಕೂಗಬಾರದು.